ರೈಸ್ ಆಗುತ್ತೆ, ಎಳೆಯಲ್ಲ: ಹಳೇ ಪಿಕಪ್ ಟ್ರಕ್ಕಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಸ್ಲಿಪ್ ಆದ ಒಂದು ಪ್ರಕರಣ

ಗಾಡಿ 1997ರ ಷೆವ್ರೊಲೆ ಸಿ1500 ಪಿಕಪ್. 5.7 ಲೀಟರಿನ ವಿ8 ಪೆಟ್ರೋಲ್ ಇಂಜಿನ್, ಹಿಂದಿನ ಚಕ್ರದ ಎಳೆತ, 4ಎಲ್60-ಇ ಅನ್ನೋ ನಾಲ್ಕು ಗೇರಿನ ಆಟೋಮ್ಯಾಟಿಕ್. ಇರೋದು ಅಮೆರಿಕದ ಡಾಲಸ್ ಹತ್ತಿರ. ಗಾಡಿಯ ಯಜಮಾನ ಹಾಸನ ಕಡೆಯ ನನ್ನ ಗೆಳೆಯ. ತೋಟದ ಮಣ್ಣು, ಮರದ ಹಲಗೆ, ಗೊತ್ತಿದ್ದವರು ಮನೆ ಬದಲಿಸಿದರೆ ಅವರ ಸಾಮಾನು, ಎಲ್ಲಾ ಇದರಲ್ಲೇ ಹೋಗೋದು. ಆಗಾಗ ಹಿಂದೆ ಟ್ರೇಲರ್ ಕೂಡ ಇರುತ್ತೆ.

ದೂರು ಅವನ ಮಾತಲ್ಲೇ ಹೀಗಿತ್ತು: "ಬೆಳಗ್ಗೆ ತೆಗೆದಾಗ ಏನೂ ಇಲ್ಲ ಕಣೋ. ಹೈವೇಲಿ ಅರ್ಧ ಗಂಟೆ ಓಡಿದ ಮೇಲೆ ಸುಮ್‌ಸುಮ್ನೆ ರೈಸ್ ಆಗುತ್ತೆ, ಗಾಡಿ ಎಳೆಯಲ್ಲ. ಅಲ್ಲಿಂದ ಇಳಿದು ಸಿಗ್ನಲ್‌ಗೆ ಬಂದ್ರೆ ಒಂದರಿಂದ ಎರಡಕ್ಕೆ ಬೀಳುವಾಗ ಧಡ್ ಅಂತ ಹೊಡೆಯುತ್ತೆ."

ಒಂದು ಗ್ಯಾರೇಜಿನವರು ಗಾಡಿ ಓಡಿಸಿಯೂ ನೋಡದೆ, "ಕ್ಲಚ್‌ಗಳು ಸುಟ್ಟಿವೆ, ಗೇರ್‌ಬಾಕ್ಸ್ ಇಳಿಸಿ ಪೂರ್ತಿ ಬಿಚ್ಚಬೇಕು" ಅಂದಿದ್ದರು. ಸಾವಿರಗಟ್ಟಲೆ ಡಾಲರ್ ಲೆಕ್ಕ. ಇಷ್ಟು ಹಳೇ ಗಾಡಿಗೆ ಅಷ್ಟು ಹಾಕೋದಾ, ಮಾರಿಬಿಡೋದಾ ಅಂತ ಅವನು ಯೋಚಿಸುತ್ತಿದ್ದ. ಗ್ಯಾರೇಜಿನವರು ಹೇಳಿದ್ದು ಸುಳ್ಳು ಅಂತ ನಾನು ಹೇಳಲ್ಲ. ಈ ಗೇರ್‌ಬಾಕ್ಸಿನಲ್ಲಿ 3-4 ಕ್ಲಚ್, ಅಂದರೆ ಮೂರು, ನಾಲ್ಕನೇ ಗೇರಿಗೆ ಹಿಡಿಯುವ ಕ್ಲಚ್, ಸುಡೋದು ತುಂಬ ಸಾಮಾನ್ಯ. ಆದರೆ ಇವನ ದೂರಿಗೆ ಅದು ಹೊಂದುತ್ತಿರಲಿಲ್ಲ. ಹೈವೇಲಿ ಹಗುರವಾಗಿ ಓಡುವಾಗ ಸುಟ್ಟ ಕ್ಲಚ್ಚೂ ಹೇಗೋ ಹಿಡಿದುಕೊಂಡಿರುತ್ತೆ. ಅದು ಮೊದಲು ಸೋಲೋದೇ ಆಕ್ಸಿಲರೇಟರ್ ಜೋರಾಗಿ ತುಳಿದಾಗ. ಇವನ ಗಾಡಿ ಸೋಲುತ್ತಿದ್ದದ್ದು ಕಾಲು ಹಗುರವಾಗಿ ಇಟ್ಟಾಗ. ಅಲ್ಲೇ ನನಗೆ ಅನುಮಾನ ಬಂತು.

ಒಳಗೆ ಯಾರು ಯಾವಾಗ ಹಿಡಿಯುತ್ತಾರೆ ಅಂತ ಮೊದಲು ತಿಳಿದರೆ ಮುಂದಿನದೆಲ್ಲ ಸಲೀಸು. ಮ್ಯಾನುಯಲ್ ಗಾಡಿಯಲ್ಲಿ ಇರೋದು ಒಂದೇ ಕ್ಲಚ್. ಸ್ಲಿಪ್ ಆದರೆ ಎಲ್ಲಾ ಗೇರಿನಲ್ಲೂ ಆಗುತ್ತೆ, ಪ್ಲೇಟ್ ಬದಲಿಸಿದರೆ ಕೆಲಸ ಮುಗೀತು. ಆಟೋಮ್ಯಾಟಿಕ್‌ನಲ್ಲಿ ಒಂದೊಂದು ಗೇರಿಗೆ ಒಂದೊಂದು ಜೋಡಿ. 4ಎಲ್60-ಇಯಲ್ಲಿ ಫಾರ್ವರ್ಡ್ ಕ್ಲಚ್ ಮುಂದಿನ ಎಲ್ಲಾ ಗೇರಿನಲ್ಲೂ ಒತ್ತಿಕೊಂಡಿರುತ್ತೆ. 2-4 ಬ್ಯಾಂಡ್, ಅಂದರೆ ಡ್ರಮ್ಮನ್ನು ಸುತ್ತಿ ಬಿಗಿಯುವ ಪಟ್ಟಿ, ಎರಡು ಮತ್ತು ನಾಲ್ಕರಲ್ಲಿ ಹಿಡಿಯುತ್ತೆ. 3-4 ಕ್ಲಚ್ ಮೂರು ಮತ್ತು ನಾಲ್ಕರಲ್ಲಿ. ರಿವರ್ಸ್‌ಗೆ ಬೇರೆಯೇ ಎರಡು ಕ್ಲಚ್. ಸನ್ ಶೆಲ್ ಅನ್ನೋ ತಗಡಿನ ಡ್ರಮ್ ಮುರಿದರೆ ಎರಡು, ನಾಲ್ಕು, ರಿವರ್ಸ್ ಮೂರೂ ಒಟ್ಟಿಗೆ ಹೋಗುತ್ತವೆ. ಅಂದರೆ ಯಾವ ಗೇರಿನಲ್ಲಿ ಸ್ಲಿಪ್ ಆಗುತ್ತೆ ಅಂತ ಸರಿಯಾಗಿ ನೋಡಿದರೆ ಯಾವ ಸಾಮಾನು ಹೋಗಿದೆ ಅಂತ ಬಾಕ್ಸ್ ಬಿಚ್ಚದೆಯೇ ಹೇಳಬಹುದು.

ಇದೆಲ್ಲದರ ಮುಂದೆ, ಇಂಜಿನ್ ಮತ್ತು ಗೇರ್‌ಬಾಕ್ಸ್ ಮಧ್ಯೆ ಟಾರ್ಕ್ ಕನ್ವರ್ಟರ್ ಇದೆ. ಅದರೊಳಗೆ ಆಯಿಲ್ ತಿರುಗಿ ಶಕ್ತಿ ದಾಟಿಸುತ್ತೆ. ಆಯಿಲ್ ಮೂಲಕ ದಾಟುವಾಗ ಸ್ವಲ್ಪ ಜಾರಿಕೆ ಇದ್ದೇ ಇರುತ್ತೆ. ಹೈವೇಲಿ ಅದು ದಂಡ, ಪೆಟ್ರೋಲೂ ಹಾಳು, ಆಯಿಲೂ ಬಿಸಿ. ಅದಕ್ಕೇ ಕನ್ವರ್ಟರ್ ಒಳಗೇ ಒಂದು ಕ್ಲಚ್ ಇಟ್ಟಿದ್ದಾರೆ. ವೇಗ ಒಂದು ಹದಕ್ಕೆ ಬಂದ ಮೇಲೆ ಅದು ಲಾಕ್ ಆಗಿ ಇಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಕಟ್ಟಿಬಿಡುತ್ತೆ. ಮೆಕ್ಯಾನಿಕ್‌ಗಳು ಇದಕ್ಕೆ ಟಿಸಿಸಿ ಅಂತಾರೆ. ಸ್ಲಿಪ್ ಅಂದ ತಕ್ಷಣ ಗೇರಿನ ಕ್ಲಚ್‌ಗಳ ಕಡೆ ಬೆರಳು ತೋರಿಸುವವರು ಇದನ್ನು ಮರೆತುಬಿಡ್ತಾರೆ.

ಮೊದಲು ಗೇರ್‌ಬಾಕ್ಸ್ ಆಯಿಲ್ ನೋಡಿದೆವು. ಈ ಗಾಡಿಯಲ್ಲಿ ಅದನ್ನು ನೋಡುವ ಕ್ರಮವೇ ಬೇರೆ: ಸಮನಾದ ನೆಲ, ಗಾಡಿ ಚೆನ್ನಾಗಿ ಬಿಸಿಯಾಗಿರಬೇಕು, ಇಂಜಿನ್ ಓಡುತ್ತಿರಬೇಕು, ಲಿವರ್ ಪಾರ್ಕ್‌ನಲ್ಲಿರಬೇಕು. ಇಂಜಿನ್ ಆಯಿಲ್ ನೋಡೋ ಹಾಗೆ ಬಂದ್ ಮಾಡಿ ನೋಡಿದರೆ ಮಟ್ಟ ಜಾಸ್ತಿ ತೋರಿಸಿ ದಾರಿ ತಪ್ಪಿಸುತ್ತೆ. ಆಯಿಲ್ ಕಡಿಮೆ ಇದ್ದರೆ ಪಂಪ್ ಗಾಳಿ ಎಳೆಯುತ್ತೆ, ಆಗ ಎಲ್ಲಾ ಗೇರೂ ಸೋಲುತ್ತವೆ, ಅದರಲ್ಲೂ ತಿರುವಿನಲ್ಲಿ, ಬ್ರೇಕ್ ಹಾಕಿ ಹೊರಟಾಗ. ಜಾಸ್ತಿ ಇದ್ದರೆ ನೊರೆ ಬಂದು ಅದೇ ಗತಿ. ಇಲ್ಲಿ ಮಟ್ಟ ಸರಿಯಾಗಿತ್ತು. ಬಣ್ಣ ಕೆಂಪು ಹೋಗಿ ಕಂದು ತಿರುಗಿತ್ತು. ಬಿಳಿ ಪೇಪರ್ ಟವೆಲ್ ಮೇಲೆ ಒಂದು ಹನಿ ಬಿಟ್ಟು ನೋಡಿದೆ. ಹನಿ ಹರಡಿತು, ನಡುವೆ ಕಪ್ಪು ಪುಡಿ ಉಳಿಯಲಿಲ್ಲ. ವಾಸನೆ ಹಳೇ ಆಯಿಲಿನದು, ಸುಟ್ಟ ಕ್ಲಚ್ಚಿನ ಕಟು ವಾಸನೆ ಅಲ್ಲ. ಆ ವಾಸನೆ ಒಮ್ಮೆ ಮೂಗಿಗೆ ಬಿದ್ದವರು ಮರೆಯಲ್ಲ.

ಆಮೇಲೆ ಸ್ಕ್ಯಾನರ್. 1996ರ ಮಾಡೆಲ್‌ನಿಂದ ಈಚೆಗೆ ಅಮೆರಿಕದಲ್ಲಿ ಮಾರಿದ ಕಾರು, ಪಿಕಪ್‌ಗಳಲ್ಲಿ ಗಾಡಿಯ ಕಂಪ್ಯೂಟರಿನ ದೋಷದ ಕೋಡ್ ಓದುವ ಒಬಿಡಿ-2 ಸಾಕೆಟ್ ಇರುತ್ತೆ, ಹಾಗಾಗಿ ಇಷ್ಟು ಹಳೇ ಗಾಡಿಯೂ ಮಾತಾಡುತ್ತೆ. ಸಿಕ್ಕಿದ ಕೋಡ್ ಪಿ1870. ಅರ್ಥ, ಟ್ರಾನ್ಸ್‌ಮಿಷನ್ ಒಳಗೆ ಏನೋ ಜಾರುತ್ತಿದೆ. ಏನು ಅಂತ ಅದು ಹೇಳಲ್ಲ, ಹೇಳೋಕೂ ಆಗಲ್ಲ. ಯಾಕೆಂದರೆ ಈ ಗಾಡಿಯ ಗೇರ್‌ಬಾಕ್ಸ್ ಒಳಗೆ ಹೋಗುವ ಶಾಫ್ಟಿಗೆ ಸ್ಪೀಡ್ ಸೆನ್ಸರ್ ಇಲ್ಲ. ಕಂಪ್ಯೂಟರಿಗೆ ಗೊತ್ತಿರೋದು ಎರಡೇ: ಇಂಜಿನ್ ಎಷ್ಟು ತಿರುಗುತ್ತಿದೆ, ಹೊರಗೆ ಬರುವ ಶಾಫ್ಟ್ ಎಷ್ಟು ತಿರುಗುತ್ತಿದೆ. ಉಳಿದದ್ದು ಲೆಕ್ಕ. ಆ ಎರಡರ ಮಧ್ಯೆ ಕನ್ವರ್ಟರ್ ಕ್ಲಚ್ ಜಾರಿದರೂ ಒಂದೇ, 3-4 ಕ್ಲಚ್ ಜಾರಿದರೂ ಒಂದೇ, ಬ್ಯಾಂಡ್ ಜಾರಿದರೂ ಒಂದೇ. ಕೋಡ್ ನೋಡಿ ಸಾಮಾನು ತರಿಸಿದವರು ಇಲ್ಲೇ ದುಡ್ಡು ಕಳೆದುಕೊಳ್ಳೋದು.

ಲೆಕ್ಕ ನಾವೂ ಹಾಕಬಹುದು. ಈ ಗಾಡಿಯ 235/75 ಆರ್15 ಟೈರು ಒಂದು ಮೈಲಿಗೆ ಸುಮಾರು 720 ಸುತ್ತು ಹಾಕುತ್ತೆ. ಗಂಟೆಗೆ 60 ಮೈಲಿ ಅಂದರೆ ನಿಮಿಷಕ್ಕೆ ಒಂದು ಮೈಲಿ, ಅಂದರೆ ನಿಮಿಷಕ್ಕೆ 720 ಸುತ್ತು. ಹಿಂದಿನ ಆಕ್ಸಲ್ಲಿನ ಅನುಪಾತ 3.42, ನಾಲ್ಕನೇ ಗೇರಿನದು 0.70. ಮೂರನ್ನೂ ಗುಣಿಸಿದರೆ 1,720ರ ಹತ್ತಿರ. ನಾಲ್ಕನೇ ಗೇರಿನಲ್ಲಿ, ಕನ್ವರ್ಟರ್ ಲಾಕ್ ಆಗಿ, 60ರಲ್ಲಿ ಓಡುವಾಗ ಇಂಜಿನ್ ಆರ್‌ಪಿಎಂ ಅಷ್ಟಿರಬೇಕು. ಅದಕ್ಕಿಂತ ಮೇಲೆ ಎಷ್ಟಿದ್ದರೂ ಅದು ಜಾರಿಕೆ.

ಕೋಡನ್ನೂ ಅದರ ಜೊತೆ ಉಳಿದಿದ್ದ ಮಾಹಿತಿಯನ್ನೂ ಬರೆದಿಟ್ಟುಕೊಂಡು ಅಳಿಸಿದೆವು. ಬರೆದುಕೊಳ್ಳದೆ ಅಳಿಸಬೇಡಿ, ಅದು ಆಮೇಲೆ ಸಿಗಲ್ಲ. ಗಾಡಿ ಅವನೇ ಓಡಿಸಿದ, ನಾನು ಪಕ್ಕದಲ್ಲಿ ಕೂತು ಸ್ಕ್ಯಾನರ್ ನೋಡುತ್ತಿದ್ದೆ. ಅಳಿಸಿದ ಕೂಡಲೇ ಒಂದು ವಿಚಿತ್ರ ಕಂಡಿತು: ಒಂದರಿಂದ ಎರಡಕ್ಕೆ ಹೊಡೆಯುತ್ತಿದ್ದ ಧಡ್ ಮಾಯ! ಗೇರು ಮೆತ್ತಗೆ ಬಿತ್ತು. ಅವನಿಗೆ ಗಾಡಿ ರಿಪೇರಿ ಆಗೇಹೋಯ್ತು ಅನ್ನೋಷ್ಟು ಖುಷಿ.

ಊರೊಳಗೆ ಮೊದಲು ಒಂದೊಂದೇ ಗೇರನ್ನು ಪರೀಕ್ಷಿಸಿದೆವು. ಲಿವರ್ ಎರಡರಲ್ಲಿಟ್ಟು ಏರು ಸೇತುವೆ ಹತ್ತಿಸಿದಾಗ ಸ್ವಲ್ಪವೂ ಸೋಲಲಿಲ್ಲ. ಅಂದರೆ ಬ್ಯಾಂಡ್ ಗಟ್ಟಿ. ಎರಡರಿಂದ ಮೂರಕ್ಕೆ ಹೋಗುವಾಗ ಜೋರಾಗಿ ತುಳಿಸಿದೆ. 3-4 ಕ್ಲಚ್ ಸುಟ್ಟಿದ್ದರೆ ಈ ಜಾಗದಲ್ಲೇ ಆರ್‌ಪಿಎಂ ಒಮ್ಮೆ ಮೇಲಕ್ಕೆ ಹಾರಿ ಆಮೇಲೆ ಹಿಡಿಯುತ್ತೆ, ಪೂರ್ತಿ ಹೋಗಿದ್ದರೆ ನ್ಯೂಟ್ರಲ್ ಆದ ಹಾಗೆ ಸುಮ್ನೆ ಕೂಗುತ್ತೆ. ಇಲ್ಲಿ ನೇರವಾಗಿ ಹಿಡೀತು. ರಿವರ್ಸ್ ಕೂಡ ಇಳಿಜಾರಿನಲ್ಲಿ ಹಿಂದಕ್ಕೆ ಹತ್ತಿತು, ಹಾಗಾಗಿ ಸನ್ ಶೆಲ್ ಮುರಿದಿಲ್ಲ.

ಆಮೇಲೆ ಹೈವೇ. ಆಯಿಲ್ ತಣ್ಣಗಿರುವಷ್ಟು ಹೊತ್ತು ಎಲ್ಲಾ ಚೆನ್ನಾಗಿತ್ತು. 60ರಲ್ಲಿ 1,720, ಮುಳ್ಳು ಅಲ್ಲಾಡಲಿಲ್ಲ. ಟ್ರಾನ್ಸ್‌ಮಿಷನ್ ಆಯಿಲ್ ಬಿಸಿಯಾಗುತ್ತಾ ಬಂದ ಹಾಗೆ ಮುಳ್ಳು ಕುಣಿಯೋಕೆ ಶುರು. ಕಂಪ್ಯೂಟರ್ ಟಿಸಿಸಿಗೆ ಪೂರ್ತಿ ಲಾಕ್ ಆಗು ಅಂತ ಹೇಳುತ್ತಿದೆ, ಸ್ಕ್ಯಾನರಿನಲ್ಲಿ ಕಾಣುತ್ತಿದೆ. ಆದರೂ ಆರ್‌ಪಿಎಂ 1,850, 2,000, ಮತ್ತೆ 1,900. ಕಾಲು ಒಂದೇ ಕಡೆ ಇದೆ, ರಸ್ತೆ ಸಮ.

ಈಗ ಈ ಪ್ರಕರಣದ ಮುಖ್ಯ ಪರೀಕ್ಷೆ. ಬ್ರೇಕ್ ಪೆಡಲ್ ಮೇಲೆ ಎಡಗಾಲನ್ನು ಬರೀ ಮುಟ್ಟಿಸು ಅಂದೆ. ಬ್ರೇಕ್ ಹಿಡಿಯಬಾರದು, ಸ್ವಿಚ್ ಮಾತ್ರ ಒತ್ತಬೇಕು. ಸ್ವಿಚ್ ಒತ್ತಿದರೆ ಕಂಪ್ಯೂಟರ್ ಟಿಸಿಸಿಯನ್ನು ಬಿಟ್ಟುಬಿಡುತ್ತೆ, ಗೇರು ಮಾತ್ರ ನಾಲ್ಕರಲ್ಲೇ ಇರುತ್ತೆ. ಹಿಂದೆ ಗಾಡಿ ಇಲ್ಲದಾಗಲೇ ಇದನ್ನು ಮಾಡಬೇಕು, ಬ್ರೇಕ್ ಲೈಟ್ ಹತ್ತುತ್ತೆ. ಅವನು ಮುಟ್ಟಿಸಿದ. ಆರ್‌ಪಿಎಂ 2,050ಕ್ಕೆ ಹೋಗಿ ಅಲ್ಲೇ ನಿಂತಿತು. ಕುಣಿತ ನಿಂತೇಹೋಯಿತು!

ಇದರ ಅರ್ಥ ನಿಧಾನವಾಗಿ ನೋಡಿ. ಟಿಸಿಸಿ ಪೂರ್ತಿ ಬಿಟ್ಟಾಗ, ನಾಲ್ಕನೇ ಗೇರಿನ ಭಾರವೆಲ್ಲ ಬ್ಯಾಂಡ್ ಮತ್ತು 3-4 ಕ್ಲಚ್ ಮೇಲೆ ಮೊದಲಿನಂತೆಯೇ ಇದೆ. ಅವು ಜಾರುತ್ತಿದ್ದರೆ ಮುಳ್ಳು ಆಗಲೂ ಕುಣಿಯಬೇಕಿತ್ತು. ಕುಣಿಯಲಿಲ್ಲ. ಜಾರುತ್ತಿರೋದು ಟಿಸಿಸಿ ಒಂದೇ. ಖಾತ್ರಿಗೆ ಲಿವರನ್ನು ಮೂರಕ್ಕೆ ಇಳಿಸಿ ಅದೇ ಪರೀಕ್ಷೆ ಮಾಡಿದೆವು. ಮೂರರಲ್ಲಿ ಬ್ಯಾಂಡಿಗೆ ಕೆಲಸ ಇಲ್ಲ, ಟಿಸಿಸಿ ಲಾಕ್ ಆಗುತ್ತೆ. ಅಲ್ಲೂ ಲಾಕ್ ಹೇಳಿದಾಗ ಕುಣಿತ, ಬಿಡಿಸಿದಾಗ ಸ್ಥಿರ.

ಮನೆ ಕಡೆ ಬರುವಷ್ಟರಲ್ಲಿ ಪಿ1870 ಮತ್ತೆ ಹತ್ತಿತು. ಮೊದಲ ಸಿಗ್ನಲ್‌ನಲ್ಲೇ ಧಡ್ ಕೂಡ ವಾಪಸ್ ಬಂತು.

ಗೆಳೆಯ ಅದನ್ನು ಎರಡನೇ ಕಾಯಿಲೆ ಅಂದುಕೊಂಡಿದ್ದ. ಅದು ಕಾಯಿಲೆಯೇ ಅಲ್ಲ. ಏನೋ ಜಾರುತ್ತಿದೆ ಅಂತ ಗೊತ್ತಾದ ಕೂಡಲೇ ಕಂಪ್ಯೂಟರ್ ಕ್ಲಚ್‌ಗಳನ್ನು ಉಳಿಸೋಕೆ ಒಳಗಿನ ಆಯಿಲ್ ಪ್ರೆಶರನ್ನು ಗರಿಷ್ಠಕ್ಕೆ ಏರಿಸುತ್ತೆ, ಟಿಸಿಸಿಯನ್ನು ಬಂದ್ ಮಾಡುತ್ತೆ. ಆ ಪ್ರೆಶರಿನಲ್ಲಿ ಬ್ಯಾಂಡ್ ಹಿಡಿದರೆ ಧಡ್ ಅನ್ನದೆ ಇನ್ನೇನು? ನೋಡೋಣ ಅಂತ ಗೇಜ್ ಹಾಕಿದೆವು. ಡ್ರೈವರ್ ಕಡೆ, ಗೇರ್ ಲಿಂಕೇಜ್ ಮೇಲ್ಗಡೆ ಅದಕ್ಕಂತಲೇ ಒಂದು ಪ್ಲಗ್ ಇದೆ. ಕೋಡ್ ಇದ್ದಾಗ, ಐಡಲ್‌ನಲ್ಲೇ 150 ಪಿಎಸ್‌ಐ ದಾಟಿತ್ತು. ಕೋಡ್ ಅಳಿಸಿ ಡ್ರೈವ್‌ಗೆ ಹಾಕಿದಾಗ 60ರ ಆಸುಪಾಸಿಗೆ ಇಳೀತು. ಇದರಿಂದ ಇನ್ನೊಂದು ವಿಷಯವೂ ಇತ್ಯರ್ಥವಾಯಿತು. ಪಂಪ್ ಚೆನ್ನಾಗಿದೆ, ಪ್ರೆಶರ್ ಸೊಲೆನಾಯ್ಡ್ (ಕರೆಂಟಿನಿಂದ ಆಡುವ ವಾಲ್ವ್) ಮಾತು ಕೇಳುತ್ತಿದೆ.

ಇಷ್ಟಾದ ಮೇಲೆ ಉಳಿದದ್ದು ಮೂರು: ಟಿಸಿಸಿ ಸೊಲೆನಾಯ್ಡ್‌ಗಳು, ಕನ್ವರ್ಟರಿನ ಒಳಗಿನ ಕ್ಲಚ್ ಲೈನಿಂಗ್, ಇವೆರಡರ ಮಧ್ಯೆ ಪ್ರೆಶರ್ ಸಾಗಿಸುವ ವಾಲ್ವ್ ಬಾಡಿ. ಬಾಕ್ಸಿನ ಬಲಗಡೆ ಇರುವ ದುಂಡು ಕನೆಕ್ಟರ್ ಬಿಚ್ಚಿ ಮೀಟರ್ ಹಿಡಿದೆವು. ಮಿಡಿಯುತ್ತಾ ಪ್ರೆಶರ್ ಹದ ಮಾಡುವ ಪಿಡಬ್ಲ್ಯೂಎಂ ಸೊಲೆನಾಯ್ಡ್ 10-11 ಓಮ್ ತೋರಿಸಿತು, ಆನ್-ಆಫ್ ಸೊಲೆನಾಯ್ಡ್ 20ರಿಂದ 30ರ ಒಳಗೆ. ಎರಡೂ ಸರಿ.

ವಾಲ್ವ್ ಬಾಡಿ ಅನುಮಾನಕ್ಕೆ ಬಲವಾದ ಕಾರಣ ಇತ್ತು. 1995ರಿಂದ ಈ ಗೇರ್‌ಬಾಕ್ಸಿನಲ್ಲಿ ಟಿಸಿಸಿ ಒಮ್ಮೆಲೇ ಧಪ್ ಅಂತ ಲಾಕ್ ಆಗದೆ ಮೆತ್ತಗೆ ಹಿಡಿಯಲಿ ಅಂತ ಪಿಡಬ್ಲ್ಯೂಎಂ ಸೊಲೆನಾಯ್ಡ್ ಸೇರಿಸಿದರು. ಅದು ಪಟಪಟ ಅಂತ ಮಿಡಿಯುತ್ತಾ ಪ್ರೆಶರನ್ನು ಹದ ಮಾಡುತ್ತೆ. ಅದರ ಮಿಡಿತಕ್ಕೆ ತಕ್ಕಂತೆ ರೆಗ್ಯುಲೇಟರ್ ವಾಲ್ವ್ ಅಲ್ಯೂಮಿನಿಯಂ ಬಾಡಿಯ ತೂತಿನೊಳಗೆ ಸದಾ ಹಿಂದೆಮುಂದೆ ಆಡುತ್ತಿರುತ್ತೆ. ವರ್ಷಗಟ್ಟಲೆ ಆಡಿದರೆ ತೂತು ಸವೆದು ಅಗಲವಾಗುತ್ತೆ. ಆಗ ಟಿಸಿಸಿಗೆ ಹೋಗಬೇಕಾದ ಪ್ರೆಶರ್ ಸಂದಿಯಲ್ಲೇ ಸೋರುತ್ತೆ. ತೋಟದ ಪೈಪು ನಡುವೆ ಸೀಳಿದ್ದರೆ ಮೋಟಾರು ಎಷ್ಟೇ ಚೆನ್ನಾಗಿದ್ದರೂ ತುದಿಯ ಸ್ಪ್ರಿಂಕ್ಲರ್ ತಿರುಗಲ್ಲ ಅಲ್ವಾ, ಹಾಗೆ. ಆಯಿಲ್ ತಣ್ಣಗಿದ್ದಾಗ ಮಂದವಾಗಿರುತ್ತೆ, ಸಂದಿಯಲ್ಲಿ ಅಷ್ಟು ಸೋರಲ್ಲ. ಬಿಸಿಯಾಗಿ ತೆಳುವಾದಾಗ ಸೋರಿಕೆ ಜೋರು. ಬೆಳಗ್ಗೆ ಸರಿ, ಅರ್ಧ ಗಂಟೆ ಬಿಟ್ಟು ಕೆಟ್ಟದು ಅನ್ನೋದಕ್ಕೆ ಇದೇ ಕಾರಣ.

ಈ ಹೊತ್ತಿಗೆ ಗೆಳೆಯ ಅಂಗಡಿಯಿಂದ 'ಸ್ಲಿಪ್ ನಿಲ್ಲಿಸುವ' ಬಾಟಲಿ ಒಂದನ್ನು ತಂದಿದ್ದ. ಹಾಕಬೇಡ ಅಂದೆ. ಅಂಥವು ಗಟ್ಟಿಯಾದ ರಬ್ಬರ್ ಸೀಲುಗಳನ್ನು ಸ್ವಲ್ಪ ಉಬ್ಬಿಸಬಹುದು. ಸವೆದ ಲೋಹವನ್ನು ಯಾವ ಬಾಟಲಿಯೂ ತುಂಬಿಕೊಡಲ್ಲ.

ವಾಲ್ವ್ ಬಾಡಿ ತೆಗೆಯೋಕೆ ಗೇರ್‌ಬಾಕ್ಸ್ ಇಳಿಸಬೇಕಿಲ್ಲ. ಕೆಳಗಿನ ಪ್ಯಾನ್ ಬಿಚ್ಚಿದರೆ ಅಲ್ಲೇ ಇದೆ. ಗಾಡಿಯನ್ನು ಗಟ್ಟಿ ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿದೆವು, ಜಾಕ್ ಒಂದನ್ನೇ ನಂಬಿ ಅಡಿಗೆ ಹೋಗಬಾರದು. ಆಯಿಲ್ ಆರಲು ಬಿಟ್ಟೆವು. ಪ್ಯಾನ್ ಇಳಿಸಿದಾಗ ನಾನು ಮೊದಲು ನೋಡಿದ್ದು ಒಳಗಿನ ಆಯಸ್ಕಾಂತವನ್ನು. ಅದರ ಮೇಲೆ ನುಣ್ಣಗಿನ ಬೂದು ಪೇಸ್ಟ್ ಇತ್ತು, ಇಷ್ಟು ಓಡಿದ ಗಾಡಿಗೆ ಅದು ಸಹಜ. ಬೆರಳಲ್ಲಿ ಉಜ್ಜಿದರೆ ಚೂರು ಸಿಗಲಿಲ್ಲ. ಪ್ಯಾನಿನ ತಳದಲ್ಲಿ ಕಪ್ಪು ಕ್ಲಚ್ ಪುಡಿ ಒಂದು ತೆಳು ಪದರ ಮಾತ್ರ. ಹಿತ್ತಾಳೆ ಮಿನುಗು ಇಲ್ಲ, ಪ್ಲಾಸ್ಟಿಕ್ ಚೂರಿಲ್ಲ. ಪ್ಯಾನಿನಲ್ಲಿ ರಾಶಿ ಪುಡಿ ಬಿದ್ದಿದ್ದರೆ ನಾನೇ ಅಲ್ಲಿಗೆ ನಿಲ್ಲಿಸಿ, ಗ್ಯಾರೇಜಿನವರು ಹೇಳಿದ್ದೇ ಸರಿ, ಬಾಕ್ಸ್ ಇಳಿಸೋಣ ಅನ್ನುತ್ತಿದ್ದೆ.

ಬಾಡಿ ಬಿಚ್ಚುವಾಗ ಚೆಕ್‌ಬಾಲ್‌ಗಳ ಮೇಲೆ ಗಮನ ಇರಬೇಕು. ಗೋಲಿಯಂಥ ಸಣ್ಣ ಗುಂಡುಗಳು, ಕೆಳಗಿಳಿಸುವಾಗ ಉದುರುತ್ತವೆ. ಯಾವುದು ಎಲ್ಲಿತ್ತು ಅಂತ ಮೊದಲೇ ಫೋಟೊ ಹಿಡಿಯಬೇಕು. ಒಂದು ಗುಂಡು ತಪ್ಪು ಮನೆಯಲ್ಲಿ ಕೂತರೂ ಹೊಸದೊಂದು ಸ್ಲಿಪ್ ಹುಟ್ಟುತ್ತೆ. ಬಾಡಿಯನ್ನು ತೊಳೆದು ಬೆಳಕಿಗೆ ಹಿಡಿದಾಗ ಟಿಸಿಸಿ ರೆಗ್ಯುಲೇಟರಿನ ತೂತಿನಲ್ಲಿ ಒಂದು ಕಡೆ ಹೊಳೆಯುವ ಪಟ್ಟೆ ಕಂಡಿತು. ವಾಲ್ವನ್ನು ಒಳಗೆ ಹಾಕಿ ಬೆರಳಲ್ಲಿ ಅಲ್ಲಾಡಿಸಿದರೆ ಅಕ್ಕಪಕ್ಕ ಆಡುತ್ತಿತ್ತು. ಪಕ್ಕದ ತೂತುಗಳ ವಾಲ್ವ್‌ಗಳು ಹಾಗೆ ಆಡುತ್ತಿರಲಿಲ್ಲ. ಕೈ ವ್ಯಾಕ್ಯೂಮ್ ಪಂಪ್ ಹಚ್ಚಿ ನೋಡಿದೆವು. ಪಕ್ಕದ ತೂತು ವ್ಯಾಕ್ಯೂಮ್ ಹಿಡಿಯಿತು, ಇದರಲ್ಲಿ ಗೇಜಿನ ಮುಳ್ಳು ಏಳಲೇ ಇಲ್ಲ.

ರಿಪೇರಿಗೆ ದಾರಿಗಳು ಬೇರೆಬೇರೆ. ತೂತನ್ನು ರೀಮರ್‌ನಿಂದ ಅಗಲ ಮಾಡಿ ಸ್ಲೀವ್ (ಒಳಗೆ ಕೂರುವ ಲೋಹದ ಕೊಳವೆ) ಅಥವಾ ದಪ್ಪ ವಾಲ್ವ್ ಕೂರಿಸೋದು ಒಂದು. ಒಳ್ಳೆಯ ಕೆಲಸ, ಆದರೆ ಅದಕ್ಕೆ ಬೇಕಾದ ಹತ್ಯಾರಗಳ ಬೆಲೆ ಒಂದು ಗಾಡಿಗೆ ಹೊಂದಲ್ಲ. ಪಿಡಬ್ಲ್ಯೂಎಂ ಹದ ಮಾಡುವ ಕೆಲಸವನ್ನೇ ತೆಗೆದುಹಾಕುವ ಅಗ್ಗದ ಕಿಟ್‌ಗಳೂ ಇವೆ. ಸ್ಲಿಪ್ ನಿಲ್ಲುತ್ತೆ, ಲಾಕ್ ಮಾತ್ರ ಧಪ್ ಅಂತ ಬೀಳುತ್ತೆ. 1998ರಿಂದೀಚೆಗೆ ಬಂದ, ಬೇಕಂತಲೇ ಸ್ವಲ್ಪ ಜಾರುವ ಹಾಗೆ ಮಾಡಿದ ಕನ್ವರ್ಟರ್‌ಗಳಿಗೆ ಅದು ಸಲ್ಲದು. ಇವನ ಗಾಡಿ ಅದಕ್ಕಿಂತ ಹಿಂದಿನದು, ಹಾಕಬಹುದಿತ್ತು. ಆದರೂ ನನಗೆ ಮನಸ್ಸಾಗಲಿಲ್ಲ. ಆ ತೂತಿಗೆ ಸ್ಲೀವ್ ಹಾಕಿ ಸರಿಮಾಡಿದ, ಇದೇ ವರ್ಷದ ಗಾಡಿಗೆ ಹೊಂದುವ ವಾಲ್ವ್ ಬಾಡಿಯನ್ನು ತರಿಸಿದೆವು. ವರ್ಷ ಹೊಂದಿಸೋದು ಮುಖ್ಯ. 4ಎಲ್60-ಇ ಬಂದಿದ್ದು 1993ರಲ್ಲಿ, ಆಮೇಲೆ ಒಳಗೆ ಸುಮಾರು ಬದಲಾವಣೆ ಆಗಿವೆ. ಹೊರಗಿಂದ ಒಂದೇ ಥರ ಕಾಣುತ್ತೆ ಅಂತ ಹಾಕಿದರೆ ನಡೆಯಲ್ಲ.

ಬಾಡಿ ಹೊರಗಿದ್ದಾಗಲೇ 1-2 ಅಕ್ಯುಮ್ಯುಲೇಟರ್ ಬಿಚ್ಚಿ ನೋಡಿದೆವು. ಗೇರು ಬೀಳುವ ಹೊಡೆತವನ್ನು ತಿನ್ನುವ ಪಿಸ್ಟನ್ನು, ಸ್ಪ್ರಿಂಗು ಅಲ್ಲಿರೋದು. ತಿಂಗಳುಗಟ್ಟಲೆ ಗರಿಷ್ಠ ಪ್ರೆಶರಿನಲ್ಲಿ ಓಡಿದ ಗಾಡಿ, ಪಿಸ್ಟನ್ ಬಿರುಕು ಬಿಟ್ಟಿದ್ದರೂ ಆಶ್ಚರ್ಯ ಇರಲಿಲ್ಲ. ಬಿಟ್ಟಿರಲಿಲ್ಲ, ಸ್ಪ್ರಿಂಗ್ ಮಾತ್ರ ಮುರಿದಿತ್ತು. ಅದನ್ನೂ, ಪಿಡಬ್ಲ್ಯೂಎಂ ಸೊಲೆನಾಯ್ಡನ್ನೂ, ಫಿಲ್ಟರನ್ನೂ, ನಡುವಿನ ತಗಡಿನ ಪ್ಲೇಟನ್ನೂ ಗ್ಯಾಸ್ಕೆಟ್ ಸಮೇತ ಹೊಸದು ಹಾಕಿದೆವು. ಚೆಕ್‌ಬಾಲ್‌ಗಳು ಬಡಿದು ಬಡಿದು ಹಳೇ ಪ್ಲೇಟಿನ ತೂತುಗಳ ಅಂಚು ಕುಳಿಬಿದ್ದಿತ್ತು. ಗುಂಡುಗಳು ಬೀಳದಂತೆ ವ್ಯಾಸಲೀನ್ ಹಚ್ಚಿ ಕೂರಿಸಿ ಬಾಡಿಯನ್ನು ಮೇಲಕ್ಕೆ ಏರಿಸಿದೆವು. ಬೋಲ್ಟ್‌ಗಳಿಗೆ 11 ನ್ಯೂಟನ್ ಮೀಟರ್, ಅಷ್ಟೇ. ಕೈಗೆ ತೀರಾ ಸಡಿಲ ಅನ್ನಿಸುತ್ತೆ. ಇನ್ನೊಂದು ಸ್ವಲ್ಪ ಅಂತ ಬಿಗಿದರೆ ಅಲ್ಯೂಮಿನಿಯಂ ಬಾಡಿ ಸೊಟ್ಟಗಾಗಿ ಚೆನ್ನಾಗಿದ್ದ ವಾಲ್ವ್‌ಗಳೂ ಸಿಕ್ಕಿಹಾಕಿಕೊಳ್ತವೆ. ಟಾರ್ಕ್ ರೆಂಚ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಡೆಕ್ಸ್‌ರಾನ್ ಅನ್ನೋ ಟ್ರಾನ್ಸ್‌ಮಿಷನ್ ಆಯಿಲ್ 5 ಕ್ವಾರ್ಟಿನಷ್ಟು, ಅಂದರೆ ಐದು ಲೀಟರಿಗೆ ಸ್ವಲ್ಪ ಕಡಿಮೆ ಹಿಡೀತು. ಪ್ಯಾನ್ ಬಿಚ್ಚಿದಾಗ ಬರೋದು ಅಷ್ಟೇ. ಉಳಿದದ್ದು ಕನ್ವರ್ಟರ್ ಒಳಗೇ ಇರುತ್ತೆ.

ಕೋಡ್ ಅಳಿಸಿ, ಅದೇ ಹೈವೇಲಿ, ಮಧ್ಯಾಹ್ನದ ಬಿಸಿಲಲ್ಲಿ ಓಡಿಸಿದೆವು. ಆಯಿಲ್ ಪೂರ್ತಿ ಬಿಸಿಯಾದ ಮೇಲೂ 60ರಲ್ಲಿ 1,720ರಿಂದ 1,740ರ ಮಧ್ಯೆ ನಿಂತಿತು. ಬ್ರೇಕ್ ಮುಟ್ಟಿಸಿದರೆ ಆರ್‌ಪಿಎಂ 300ರಷ್ಟು ಮೇಲೆ ಜಿಗಿಯಿತು, ಬಿಟ್ಟರೆ ಮತ್ತೆ ಕೆಳಗಿಳಿದು ಕಚ್ಚಿಕೊಂಡಿತು. ಆ ಜಿಗಿತ ಕಾಣಬೇಕು, ಅದೇ ಲಾಕ್ ಹಿಡಿದಿತ್ತು ಅನ್ನೋದಕ್ಕೆ ಸಾಕ್ಷಿ. ಊರೊಳಗೆ ಒಂದರಿಂದ ಎರಡು ಬಿದ್ದದ್ದು ಗೆಳೆಯನಿಗೆ ಗೊತ್ತೇ ಆಗಲಿಲ್ಲ.

ಇನ್ನು ಅನುಮಾನ ಇರೋದು ಕನ್ವರ್ಟರ್ ಬಗ್ಗೆ. ಅಷ್ಟು ದಿನ ಜಾರಿದ ಲೈನಿಂಗ್ ಒಳಗೆ ಎಷ್ಟು ಉಳಿದಿದೆ ಅಂತ ಕತ್ತರಿಸದೆ ನೋಡೋಕಾಗಲ್ಲ. ಹಾಗಾಗಿ ಟ್ರೇಲರ್ ಎಳೆಯುವ ಗಾಡಿ ಅಂತ ರೇಡಿಯೇಟರ್ ಮುಂದೆ ಇನ್ನೊಂದು ಆಯಿಲ್ ಕೂಲರ್ ಹಾಕಿಸಿದೆ. ಇಂಜಿನ್ ಆಯಿಲ್ ಬದಲಿಸುವಾಗಲೆಲ್ಲ ಬಿಸಿ ಗಾಡಿಯಲ್ಲಿ 60ರ ಆರ್‌ಪಿಎಂ ನೋಡಿ ಬರೆದಿಡೋಕೆ ಹೇಳಿದ್ದೀನಿ. ಅದು 1,800 ದಾಟೋಕೆ ಶುರುವಾದರೆ ಕನ್ವರ್ಟರ್ ಬದಲಿಸಲೇಬೇಕು. ಅದಕ್ಕೆ ಗೇರ್‌ಬಾಕ್ಸ್ ಹೇಗೂ ಕೆಳಗಿಳಿಯಬೇಕಲ್ಲ, ಆಗ 3-4 ಕ್ಲಚ್ಚನ್ನೂ ಒಟ್ಟಿಗೇ ಹೊಸದು ಹಾಕಿಸೋದು ಅಂತ ಮಾತಾಗಿದೆ.